ಖಡಕ್ ರೊಟ್ಟಿ ಬ್ಯಾಂಡಿನ ಎರಡನೇ ಗಿಟಾರ್

ಡೆಲ್ಫ್ಟ್, ೧೨ ಏಪ್ರಿಲ್ ೨೦೨೦

ಪ್ರೀತಿಯ ಮಾಮಾ,

ಫೋನ್ ಮಾಡಿದರೆ ಅವ್ವ ನಿಮ್ಮ ಕೈಯಿಂದ ಕಿತ್ತುಕೊಂಡು ತಾನೇ ಮಾತಾಡುತ್ತಾಳೆ. ಆದ್ದರಿಂದ ಈ ಪತ್ರ. ಓದಿದ ಮೇಲೆ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಎದುರುಮನೆಯಲ್ಲಿರುವ ನಿಮ್ಮ ಅಕ್ಕನಿಗೆ ಇದರ ಸುಳಿವೂ ಸಿಗಬಾರದು.

ವಿಷಯ ಇಷ್ಟೇ: ನನ್ನದೊಂದು ಬ್ಯಾಂಡ್ ಇದೆ. ನಿಮ್ಮದರ ಹಾಗೆ ಮದುವೆ ಬ್ಯಾಂಡ್ ಅಲ್ಲ, ಸದರ್ನ್ ರಾಕ್ ಬ್ಯಾಂಡ್. ಹೆಸರು 'ಖಡಕ್ ರೊಟ್ಟಿ'. ಹಗಲು ನಾನು ಯೂನಿವರ್ಸಿಟಿಯಲ್ಲಿ ಸಮುದ್ರದ ನೀರು ಒಳಗೆ ನುಗ್ಗದಂತೆ ಒಡ್ಡು ಹಾಕುವುದರ ಬಗ್ಗೆ ಸಂಶೋಧನೆ ಮಾಡುತ್ತೇನೆ, ಸಂಜೆ ಗಿಟಾರ್ ಹಿಡಿದು ಹಾಡುತ್ತೇನೆ. ಎರಡನೇ ಗಿಟಾರ್ ಮೈಸೂರಿನ ಯತಿರಾಜ್, ಎಂಥ ಬೆರಳು ಅವನದು! ಡ್ರಮ್ಸ್‌ಗೆ ತುಮಕೂರಿನ ಆಕರ್ಷ್. ಬೇಸ್ ಗಿಟಾರಿಗೆ ಯೋಸ್ಟ್ ಎಂಬ ಡಚ್ ಹುಡುಗ. ಅವನಿಗೆ ಸೊಂಟದವರೆಗೆ ಕೂದಲು. ಕನ್ನಡದಲ್ಲಿ ಬರುವುದು 'ಸಾಕು' ಮತ್ತು 'ಇನ್ನೊಂದು ಸಲ' ಮಾತ್ರ. ಬ್ಯಾಂಡ್ ನಡೆಸಲು ಅಷ್ಟು ಕನ್ನಡ ಧಾರಾಳವಾಯಿತು.

ಸದರ್ನ್ ರಾಕ್ ಅಂದರೆ ಅಮೆರಿಕದ ದಕ್ಷಿಣದ ಊರುಗಳ ಸಂಗೀತ. ಹಾಡು ಉದ್ದ, ಕೂದಲು ಉದ್ದ, ಡ್ರಮ್ಸ್‌ಗೆ ಯಾವ ಅವಸರವೂ ಇಲ್ಲ. ಅದರ ಜೀವ ಇರುವುದು ಎರಡು ಗಿಟಾರುಗಳಲ್ಲಿ. ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ, ಒಂದೇ ಧಾಟಿಯನ್ನು ಜೊತೆಜೊತೆಯಾಗಿ ನುಡಿಸುತ್ತ ಓಡುತ್ತವೆ. ಅದನ್ನು ಮೊದಲ ಸಲ ಕೇಳಿದ ದಿನ ನನಗೆ ನಿಮ್ಮ ನೆನಪಾಯಿತು, ಯಾಕೆಂದು ಆಗ ಹೊಳೆಯಲಿಲ್ಲ.

ನಮ್ಮ ಸಾಧನೆ ಕೇಳಿ. ಮೊದಲ ಕಾರ್ಯಕ್ರಮ ಇಲ್ಲಿನ ಕನ್ನಡಿಗರ ದೀಪಾವಳಿ. ಎರಡನೆಯದು ವೂರ್‌ಬರ್ಗ್‌ನಲ್ಲಿ ಒಂದು ಮಗುವಿನ ಹುಟ್ಟುಹಬ್ಬ. ಅಲ್ಲಿ 'ಸ್ವಲ್ಪ ಕಡಿಮೆ, ಇನ್ನೂ ಸ್ವಲ್ಪ ಕಡಿಮೆ' ಎನ್ನಿಸಿಕೊಂಡು ಕೊನೆಗೆ ಪ್ಲಗ್ ಕಿತ್ತು ನುಡಿಸಿದೆವು. ಮೂರನೆಯದು ಒಂದು ಕೆಫೆಯಲ್ಲಿ. ಇಲ್ಲಿ ಸುರಿನಾಮಿನವರ ರೊಟ್ಟಿ ಬಹಳ ಪ್ರಸಿದ್ಧ, ಹಾಗಾಗಿ ಬೋರ್ಡ್ ನೋಡಿ ಬಂದ ಅರ್ಧ ಜನ ಕೋಳಿ ಸಾರು ಎಲ್ಲಿ ಅಂತ ಕೇಳಿದರು. ನಾಲ್ಕನೆಯದು ಮೇ ಐದರ ಸ್ವಾತಂತ್ರ್ಯ ಹಬ್ಬದಲ್ಲಿ, ನಿಜವಾದ ವೇದಿಕೆ, ನಿಜವಾದ ಜನ. ಮೊನ್ನೆ ಕೊರೊನಾದಿಂದ ಅದು ರದ್ದಾಯಿತು. ಯತಿರಾಜ್ ಅಂತೂ ಮಂಕಾಗಿ ಕೂತಿದ್ದಾನೆ.

ನಿಮ್ಮ ಸೀಸನ್ ಕೂಡ ಹೋಯಿತಂತೆ. ಇಂಥ ಹೊತ್ತಿನಲ್ಲಿ ಬ್ಯಾಂಡನ್ನು ಒಡೆಯದಂತೆ ಹೇಗೆ ಹಿಡಿದಿಡುತ್ತೀರಿ? ಸ್ವಲ್ಪ ಗುಟ್ಟು ಹೇಳಿ.

ನಿಮ್ಮ ಸ್ವಪ್ನಾ


ರಾಣೆಬೆನ್ನೂರು, ೨೮ ಏಪ್ರಿಲ್ ೨೦೨೦

ಮುದ್ದಿನ ಸೊಸೆಗೆ, ಮಾಮಾ ಮಾಡುವ ಆಶೀರ್ವಾದ.

ಹೊರದೇಶದ ಅಂಚೆ ನಿಂತಿದೆಯೆಂದು ನಾನೂ ನಿನ್ನ ಹಾಗೆ ಕಾಗದದ ಮೇಲೆ ಬರೆದು ಫೋಟೋ ಹೊಡೆದು ಕಳಿಸುತ್ತಿದ್ದೇನೆ. ಅಕ್ಷರ ಓರೆ ಕಂಡರೆ ಅದು ಫೋನಿನ ತಪ್ಪು.

ನೀನು ಪತ್ರದ ಜೊತೆ ಕಳಿಸಿದ ಹಾಡುಗಳನ್ನು ಬಾಗಿಲು ಹಾಕಿಕೊಂಡು ಕೇಳಿದೆ. ಎಲಾ ಇವಳ! ಇದು ನಮ್ಮದೇ ಕಸುಬು. ನಿನ್ನ ಎರಡು ಗಿಟಾರು ಅಂದರೆ ನಮ್ಮ ಮೊದಲ ಕ್ಲಾರಿಯೋನೆಟ್ ಮತ್ತು ಎರಡನೇ ಕ್ಲಾರಿಯೋನೆಟ್. ನಾನು ಮೊದಲನೆಯದು ಊದಿದರೆ ಗೋವಿಂದರಾಜು ಎರಡನೆಯದನ್ನು ಊದಿಕೊಂಡು ನನ್ನ ಬೆನ್ನಿಗೇ ಬರುತ್ತಾನೆ. ನಾನು ತಪ್ಪಿದರೆ ಅವನೂ ತಪ್ಪುತ್ತಾನೆ, ಜನ ಅದೇ ಸರಿ ಅಂದುಕೊಳ್ಳುತ್ತಾರೆ. ಅಮೆರಿಕದವರು ಕೆಂಪು ಕೋಟು, ಜರಿ ಟೊಪ್ಪಿಗೆ ತೆಗೆದಿಟ್ಟಿದ್ದಾರೆ, ಅಷ್ಟೇ ಫರಕು.

ಬ್ಯಾಂಡ್ ಹಿಡಿದಿಡುವ ಗುಟ್ಟು ಕೇಳಿದ್ದೀಯ. ಬಾರಿಸುವ ಮೊದಲು ಊಟ ಹಾಕಬೇಕು, ಬಾರಿಸಿದ ಮೇಲಲ್ಲ. ಜಗಳವಾದರೆ ಆ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಕು. ಮತ್ತು ಡ್ರಮ್ಮಿನವನನ್ನು ಯಾವತ್ತೂ ಹೊಗಳಬಾರದು, ಹೊಗಳಿದರೆ ತಾಳ ಬಿಟ್ಟು ಓಡುತ್ತಾನೆ.

ಒಂದು ಮಾತು. ಯತಿರಾಜ್ ಎಂಬ ಹುಡುಗನ ಮಾತು ಬಂದಾಗ ನಿನ್ನ ಅಕ್ಷರವೇ ಮೆತ್ತಗಾದಂತೆ ಕಂಡಿತು. ಯಾವ ಮನೆತನ? ತಂದೆ ಏನು ಮಾಡುತ್ತಾರೆ? ನಾನೇನೂ ಹಳೆಯ ಕಾಲದವನಲ್ಲ, ಸುಮ್ಮನೆ ಕೇಳಿದೆ.

ನಿನ್ನ ಅವ್ವ ಬಾಗಿಲು ಬಡಿದು, 'ಏನ್ ಮಾಡಾಕತ್ತೀಯೋ ವೀರಭದ್ರ, ಒಳಗ ಯಾಕ ಕುಂತಿ?' ಅಂದಳು. 'ಧ್ಯಾನ ಮಾಡಾಕತ್ತೀನಿ' ಅಂದೆ. ನಂಬಿದಳು.

ನಿನ್ನ ಮಾಮಾ


ಡೆಲ್ಫ್ಟ್, ೨೦ ಜುಲೈ ೨೦೨೦

ಮಾಮಾ,

ನಿಮ್ಮ ಪತ್ರವನ್ನು ಬ್ಯಾಂಡಿಗೆ ಓದಿ ಹೇಳಿದೆ. ಹೊಗಳಬಾರದು ಅಂದದ್ದಕ್ಕೆ ಆಕರ್ಷ್, 'ಲೇ, ಇದುವರೆಗೂ ಯಾರು ಹೊಗಳಿದ್ದಾರೆ ನನ್ನ?' ಅಂದ. ಪಾಪ, ನಿಜ.

ಒಟ್ಟಿಗೆ ಸೇರುವಂತಿಲ್ಲದ ದಿನಗಳಲ್ಲಿ ವಿಡಿಯೋ ಕರೆಯಲ್ಲಿ ನುಡಿಸಲು ಹೋಗಿ ಫಜೀತಿಯಾಯಿತು. ಒಬ್ಬರ ಸದ್ದು ಇನ್ನೊಬ್ಬರಿಗೆ ತಡವಾಗಿ ಕೇಳುತ್ತದೆ. ನಾವು ಬುದ್ಧಿವಂತರಲ್ಲವೇ, ಅದನ್ನು ಸರಿದೂಗಿಸಲು ಪ್ರತಿಯೊಬ್ಬರೂ ಗುಟ್ಟಾಗಿ ಸ್ವಲ್ಪ ಮುಂಚೆ ನುಡಿಸತೊಡಗಿದೆವು. ಎಲ್ಲರೂ ಮುಂಚೆ, ಇನ್ನೂ ಮುಂಚೆ! ನಮ್ಮ ಸೋಮಾರಿ ಸದರ್ನ್ ರಾಕ್ ಕೊನೆಗೆ ರೈಲು ತಪ್ಪೀತೆಂದು ಹೆದರಿದವರ ಓಟದಂತಾಯಿತು. ಕೆಳಗಿನ ಮನೆಯ ಅಜ್ಜಿ ಕಸಬರಿಗೆಯಿಂದ ಸೀಲಿಂಗ್ ಗುದ್ದಿದರು, ಇಡೀ ಹಾಡಿನಲ್ಲಿ ಅವರೊಬ್ಬರದೇ ತಾಳ ಸರಿಯಿತ್ತು.

ಈಗ ನಮ್ಮದೇ ಒಂದು ಕನ್ನಡ ಹಾಡು ಕಟ್ಟಿದ್ದೇನೆ. ಇಲ್ಲಿ ಕಾಲುವೆಯಲ್ಲಿ ದೋಣಿ ಬಂದರೆ ರಸ್ತೆಯ ಸೇತುವೆಯೇ ಎದ್ದು ನಿಂತುಬಿಡುತ್ತದೆ. ಸೈಕಲ್ಲಿನವರು, ಕಾರಿನವರು ಎಲ್ಲರೂ ತೆಪ್ಪಗೆ ಕಾಯಬೇಕು. ನಮ್ಮೆಲ್ಲರ ಗತಿಯೂ ಈಗ ಅದೇ.

'ಸೇತುವೆ ಎದ್ದು ನಿಂತೈತಿ,
ದೋಣಿಗೆ ದಾರಿ ಬಿಟ್ಟೈತಿ;
ಸೈಕಲ್ ಹಿಡಿದು ನಿಂತೀನಿ,
ನನಗ ಯಾವಾಗ ಬಿಟ್ಟೀತು?'

ನಡುವೆ ಎರಡು ಗಿಟಾರಿನ ದೊಡ್ಡ ಓಟವಿದೆ. ಆದರೆ ಯತಿರಾಜ್ ಕೆಲಸದ ಮೇಲೆ ಗ್ರೋನಿಂಗನ್‌ಗೆ ಹೋಗಿದ್ದಾನೆ. ದೇಶದ ಉತ್ತರದ ತುದಿ ಅದು, ರೈಲಿನಲ್ಲಿ ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ಬರುತ್ತಿರುತ್ತಾನೆ, ಬಿಡಿ. ಅದಕ್ಕೇ ಯೋಚಿಸಿದೆ: ಎರಡನೇ ಗಿಟಾರಿನ ಜಾಗದಲ್ಲಿ ನಿಮ್ಮ ಕ್ಲಾರಿಯೋನೆಟ್ ಯಾಕಿರಬಾರದು? ನನ್ನ ಗಿಟಾರ್ ರೆಕಾರ್ಡ್ ಮಾಡಿ ಕಳಿಸಿದ್ದೇನೆ. ಅದರ ಮೇಲೆ ಊದಿ ಕಳಿಸಿ. ದಯವಿಟ್ಟು, ಮಾಮಾ. ನಾನು ಸಂಗೀತ ಕಲಿತದ್ದೇ ನಿಮ್ಮ ಮೆರವಣಿಗೆಯ ಹಿಂದೆ ಓಡಿ.

ಸ್ವಪ್ನಾ


ರಾಣೆಬೆನ್ನೂರು, ೧೫ ಅಕ್ಟೋಬರ್ ೨೦೨೦

ಸ್ವಪ್ನಾ,

ಉತ್ತರ ತಡವಾಯಿತು. ಇಲ್ಲಿ ಎಲ್ಲರೂ ಆರಾಮ. ಹಾಡು ಚೆನ್ನಾಗಿದೆ. ಕ್ಲಾರಿಯೋನೆಟ್ಟಿನ ಬಾಯಿಗೆ ಹಾಕುವ ಪತ್ತಿ, ನೀವು ರೀಡ್ ಅನ್ನುತ್ತೀರಲ್ಲ, ಅದು ಸೀಳಿದೆ. ಹುಬ್ಬಳ್ಳಿಯಲ್ಲಿ ಅಂಗಡಿ ತೆರೆದಿಲ್ಲ. ಆಮೇಲೆ ನೋಡೋಣ.

ಯತಿರಾಜ್ ಅಷ್ಟು ದೂರ ಹೋದನೆಂದು ಬೇಜಾರು ಮಾಡಿಕೊಳ್ಳಬೇಡ. ಹೋದವನು ಬರುತ್ತಾನೆ. ಅವರ ತಂದೆಯ ನಂಬರ್ ಇದ್ದರೆ ಕಳಿಸು. ನಾನು ಮೈಸೂರಿಗೆ ಹೋದಾಗ ಸಹಜವೆಂಬಂತೆ ಭೇಟಿಯಾಗುತ್ತೇನೆ.

ಮಾಮಾ


ಡೆಲ್ಫ್ಟ್, ೨ ಫೆಬ್ರವರಿ ೨೦೨೧

ಮಾಮಾ!!

ಯಾರ ತಂದೆ? ಯಾವ ಭೇಟಿ? ನಿಮ್ಮ ಹಳೆಯ ಪತ್ರಗಳನ್ನು ಮತ್ತೆ ಓದಿದಾಗ ಈಗ ನನಗೆ ಟ್ಯೂಬ್‌ಲೈಟ್ ಹೊತ್ತಿತು. ಯತಿರಾಜ್ ಗ್ರೋನಿಂಗನ್‌ಗೆ ಹೋದದ್ದೇ ತನುಶ್ರೀ ಎಂಬ ಹುಡುಗಿಗಾಗಿ. ಅವಳು ಅಲ್ಲಿ ಓದುತ್ತಿದ್ದಾಳೆ, ಇಬ್ಬರೂ ಮದುವೆಯಾಗುವವರಿದ್ದಾರೆ. ನಾನು ಅವನನ್ನು ಹೊಗಳಿದ್ದು ಅವನ ಬೆರಳಿಗಾಗಿ, ಹಾರ ಹಾಕುವ ಕುತ್ತಿಗೆಗಾಗಿ ಅಲ್ಲ.

ಹೇಗೂ ಹೇಳಿಬಿಡುತ್ತೇನೆ. ಅವನು ಕೆಲಸದ ಮೇಲೆ ಹೋದ, ಬರುತ್ತಿರುತ್ತಾನೆ ಅಂದದ್ದೆಲ್ಲ ಸುಳ್ಳು. ಅವನು ಬ್ಯಾಂಡ್ ಬಿಟ್ಟಿದ್ದಾನೆ. 'ಕಾರ್ಯಕ್ರಮನೇ ಇಲ್ಲ, ಬ್ಯಾಂಡ್ ಅಂತ ಯಾಕೆ ಅನ್ನಬೇಕು ಸ್ವಪ್ನಾ, ವಾಟ್ಸ್ಯಾಪ್ ಗ್ರೂಪ್ ಅನ್ನು' ಅಂದ. ನಾನೂ ಬಾಯಿಗೆ ಬಂದದ್ದು ಅಂದೆ.

ಈಗ ಇಲ್ಲಿ 'ಅವೊಂಡ್‌ಕ್ಲಾಕ್' ಬಂದಿದೆ, ಅಂದರೆ ರಾತ್ರಿ ಕರ್ಫ್ಯೂ. ಮನೆಗೆ ದಿನಕ್ಕೆ ಒಬ್ಬರೇ ಅತಿಥಿ. ಹಾಗಾಗಿ ಸೋಮವಾರ ಯೋಸ್ಟ್ ಬರುತ್ತಾನೆ, ಮಂಗಳವಾರ ಆಕರ್ಷ್. ಇಬ್ಬರಿಗೂ ಬಾರಿಸುವ ಮೊದಲು ಚಿತ್ರಾನ್ನ ಹಾಕುತ್ತೇನೆ. ಎರಡನೇ ಗಿಟಾರ್ ಇಲ್ಲದೆ ನಮ್ಮ ಹಾಡು ಒಂದು ಕೈಯ ಚಪ್ಪಾಳೆಯಾಗಿದೆ. ಇನ್ನು ಮೂವರಲ್ಲಿ ಒಬ್ಬರು ಸಾಕು ಅಂದರೂ ಬ್ಯಾಂಡ್ ಮುಗಿಯಿತು.

ಹೇಗ್‌ನ ಅಂಗಡಿಯಿಂದ ಒಂದು ಡಬ್ಬಿ ಪತ್ತಿ ಪಾರ್ಸೆಲ್ ಮಾಡಿದ್ದೇನೆ. ಇನ್ನು ಸೀಳಿದ ನೆಪ ನಡೆಯುವುದಿಲ್ಲ. ನಿಜ ಹೇಳಿ ಮಾಮಾ, ನಮ್ಮ ಹುಡುಗಾಟದ ಜೊತೆ ಊದಲು ನಿಮಗೆ ನಾಚಿಕೆಯೇ? ಹಾಗಿದ್ದರೆ ನೇರವಾಗಿ ಹೇಳಿಬಿಡಿ, ಕಾಯುವುದು ತಪ್ಪುತ್ತದೆ.

ಸ್ವಪ್ನಾ


ರಾಣೆಬೆನ್ನೂರು, ೩೦ ಜೂನ್ ೨೦೨೧

ಸ್ವಪ್ನಾ ಮಗಳೇ,

ಪತ್ತಿಯ ಡಬ್ಬಿ ಬಂತು. ಅಂಥ ಪತ್ತಿಯನ್ನು ಈ ಜನ್ಮದಲ್ಲಿ ನೋಡಿರಲಿಲ್ಲ. ನನ್ನ ಹಳೆಯ ಪತ್ತಿ ಸೀಳಿರಲಿಲ್ಲ. ಸೀಳಿದ್ದು ನನ್ನ ಉಸಿರು.

ಹೋದ ಆಗಸ್ಟಿನಲ್ಲಿ ನನಗೆ ಆ ರೋಗ ಬಂದಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿ ಬಂದೆ. ಪರದೇಶದಲ್ಲಿ ಒಬ್ಬಳೇ ಇರುವ ಹುಡುಗಿ, ವಿಮಾನವೂ ಇಲ್ಲ, ಹೇಳಿ ಏನು ಪ್ರಯೋಜನ ಅಂತ ಎಲ್ಲರ ಬಾಯಿ ಮುಚ್ಚಿಸಿದ್ದೆ. ಈಗ ನಡೆದಾಡುತ್ತೇನೆ, ಉಣ್ಣುತ್ತೇನೆ, ಬೈಯುತ್ತೇನೆ. ಊದಲು ಮಾತ್ರ ಆಗುತ್ತಿಲ್ಲ. ನಾಲ್ಕು ಸ್ವರಕ್ಕೆ ಉಸಿರು ಮುಗಿಯುತ್ತದೆ. ದಿಬ್ಬಣ ಊರು ಸುತ್ತುವವರೆಗೂ ಬಿಡದೆ ಊದುತ್ತಿದ್ದವನು ನಾನು. ನಾಚಿಕೆ ಅಂದೆಯಲ್ಲ, ಹೌದು, ನಾಚಿಕೆ. ಆದರೆ ನಿನ್ನ ಹಾಡಿಗಲ್ಲ.

ಡಾಕ್ಟರರು ಒಂದು ಪ್ಲಾಸ್ಟಿಕ್ ಆಟಿಕೆ ಕೊಟ್ಟಿದ್ದಾರೆ. ಅದರೊಳಗೆ ಮೂರು ಗುಂಡು. ಕೊಳವೆಯಿಂದ ಉಸಿರೆಳೆದರೆ ಗುಂಡು ಮೇಲೇಳಬೇಕು. ನನಗೆ ಒಂದು ಎದ್ದು, ಎರಡನೆಯದು ಅಲುಗಾಡಿ, ಕೂತುಬಿಡುತ್ತದೆ. ನಿನ್ನ ಅವ್ವ ಬಂದು, 'ಕೊಡಿಲ್ಲಿ, ಏನಿದು?' ಅಂತ ಕಸಿದುಕೊಂಡು ಎಳೆದಳು ನೋಡು, ಮೂರೂ ಗುಂಡು ಟಕ್ಕಂತ ಮೇಲೆ ಹೋಗಿ ಅಂಟಿಕೊಂಡವು. ಹೆದರಿ ನಾನೇ ಇಳಿಸು ಅಂದೆ. ಇಷ್ಟು ವರ್ಷ ನಮ್ಮನ್ನೆಲ್ಲ ಬೈದದ್ದು ದಂಡವಾಗಿಲ್ಲ.

ಇನ್ನೊಂದು ಅನಾಹುತವಾಗಿದೆ. ಅಭ್ಯಾಸಕ್ಕೆಂದು ನಿನ್ನ ಹಾಡು ಹಾಕಿಕೊಂಡು ಕೂತಿದ್ದೆ, ಬಾಗಿಲು ಹಾಕಿರಲಿಲ್ಲ. ನಿನ್ನ ಅವ್ವ ಶಿವಗಂಗವ್ವನೇ ಹೊಸ್ತಿಲಲ್ಲಿ ನಿಂತು ಪೂರ್ತಿ ಕೇಳಿದಳು. ಆಮೇಲೆ, 'ದನಿ ನಮ್ಮ ಸ್ವಪ್ನಾಂದು. ಅಷ್ಟು ಗದ್ದಲದಾಗ ಯಾಕ ಹಾಡ್ತಾಳ? ಬಾಜಾದವರಿಗೆ ಸುಮ್ಮನಿರು ಅನ್ನು' ಅಂದು ಹೋದಳು. ಮರುದಿನ ಬಂದು ಮತ್ತೆ ಹಾಕಿಸಿಕೊಂಡು ಕೇಳಿದಳು.

ನೀನು ಬೇರೆ ಯಾರನ್ನಾದರೂ ನೋಡಿಕೋ. ಬ್ಯಾಂಡ್ ನಿಲ್ಲಿಸಬೇಡ.

ನಿನ್ನ ಮಾಮಾ


ಡೆಲ್ಫ್ಟ್, ೪ ಜುಲೈ ೨೦೨೧

ಮಾಮಾ, ಮಾಮಾ,

ನಿಮ್ಮ ಪತ್ರ ಓದಿ ಲ್ಯಾಬಿನ ಹಿಂದೆ ಹೋಗಿ ಅತ್ತೆ. ಆಮೇಲೆ ಗುಂಡಿನ ಕಥೆ ನೆನಪಾಗಿ ಅಲ್ಲೇ ನಕ್ಕೆ. ಹಾದುಹೋಗುತ್ತಿದ್ದ ಪ್ರೊಫೆಸರ್ ನನಗೆ ರಜೆ ಬೇಕೇ ಎಂದು ಕೇಳಿದರು. ಅಷ್ಟು ಸಿಟ್ಟಿನ ಪತ್ರ ಬರೆದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು, ಹೇಳದೇ ಇದ್ದ ನಿಮ್ಮ ಮೇಲೆ ಇನ್ನೂ ಹೆಚ್ಚು. ಇನ್ನೊಮ್ಮೆ ಹೀಗೆ ಮುಚ್ಚಿಟ್ಟರೆ ನೇರವಾಗಿ ಅವ್ವನಿಗೇ ಒಪ್ಪಿಸುತ್ತೇನೆ.

ಬೇರೆಯವರು ಬೇಡ. ಹಾಡನ್ನೇ ಬದಲಿಸಿದ್ದೇನೆ. ಈಗ ಎರಡೂ ಒಟ್ಟಿಗೆ ಓಡುವುದಿಲ್ಲ. ನನ್ನ ಗಿಟಾರ್ ಕೇಳುತ್ತದೆ, ನೀವು ನಾಲ್ಕು ಸ್ವರದಲ್ಲಿ ಉತ್ತರ ಕೊಡುತ್ತೀರಿ, ಉಸಿರು ತೆಗೆದುಕೊಳ್ಳುತ್ತೀರಿ, ಮತ್ತೆ ನಾಲ್ಕು. ನಾಲ್ಕೇ ಸಾಕು ಮಾಮಾ. ಕಳಿಸಿದ್ದೇನೆ, ನೋಡಿ.

ಸ್ವಪ್ನಾ


ರಾಣೆಬೆನ್ನೂರು, ೨೧ ನವೆಂಬರ್ ೨೦೨೧

ಸ್ವಪ್ನಾ,

ನಿನ್ನ ಪ್ರೀತಿ ದೊಡ್ಡದು. ಆದರೆ ನನಗೋಸ್ಕರ ಹಾಡನ್ನು ತುಂಡು ಮಾಡಬೇಡ. ಕುಂಟನಿಗಾಗಿ ಇಡೀ ಮೆರವಣಿಗೆ ಕುಂಟುವುದು ನನಗೆ ಒಪ್ಪಿಗೆಯಿಲ್ಲ. ಓಡುವ ಹಾಡು ಓಡಬೇಕು.

ಮದುವೆಗಳು ಮತ್ತೆ ಶುರುವಾಗಿವೆ, ಸಣ್ಣ ಪ್ರಮಾಣದಲ್ಲಿ. ನಾನು ಬ್ಯಾಂಡ್ ಮಾಸ್ತರನ ಕೋಲು ಹಿಡಿದು ಮುಂದೆ ನಡೆಯುತ್ತೇನೆ, ಅಷ್ಟೇ. ಗೋವಿಂದರಾಜು ಒಬ್ಬನೇ ಎರಡನೇ ಕ್ಲಾರಿಯೋನೆಟ್ ಊದುತ್ತಾನೆ. ಮೊದಲನೆಯದು ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಕ್ಲಾರಿಯೋನೆಟ್ ಒರೆಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಈ ಮಾತು ಇಲ್ಲಿಗೆ ಬಿಡೋಣ.

ಮಾಮಾ


ಡೆಲ್ಫ್ಟ್, ೨೧ ಜನವರಿ ೨೦೨೨

ಮಾಮಾ,

ನಿಮ್ಮ ಮೇಲೆ ಮುನಿಸಿಕೊಂಡು ಇಷ್ಟು ದಿನ ಬರೆಯಲಿಲ್ಲ. ಆದರೆ ಮೊನ್ನೆ ನಡೆದದ್ದನ್ನು ನಿಮಗಲ್ಲದೆ ಯಾರಿಗೆ ಹೇಳಲಿ? ಖಡಕ್ ರೊಟ್ಟಿಗೆ ಕೊನೆಗೂ ವೇದಿಕೆ ಸಿಕ್ಕಿತು, ಕ್ಷೌರದ ಅಂಗಡಿಯಲ್ಲಿ!

ಇಲ್ಲಿ ಮತ್ತೆ ಎಲ್ಲ ಮುಚ್ಚಿದ್ದರು. ಹೋದ ವಾರ ಕ್ಷೌರದ ಅಂಗಡಿಗಳನ್ನು ಬಿಟ್ಟರು, ಥಿಯೇಟರುಗಳನ್ನು ಬಿಡಲಿಲ್ಲ. ಸಿಟ್ಟಿಗೆದ್ದ ಥಿಯೇಟರಿನವರು ದೇಶದ ತುಂಬ ಒಂದು ದಿನದ ಮಟ್ಟಿಗೆ ವೇದಿಕೆ ಮೇಲೆ ಕುರ್ಚಿ ಹಾಕಿ, 'ನಾವೂ ಈಗ ಕ್ಷೌರದ ಅಂಗಡಿ' ಅಂದುಬಿಟ್ಟರು. ಗಿರಾಕಿಯ ಕೂದಲು ಕತ್ತರಿಸುವಾಗ ಪಕ್ಕದಲ್ಲಿ ಸಂಗೀತವಿದ್ದರೆ ಯಾರೇನು ಹೇಳಲು ಸಾಧ್ಯ? ನಮ್ಮ ಓಣಿಯ ಚಿಕ್ಕ ಥಿಯೇಟರಿನವರು ನಮ್ಮನ್ನು ಕರೆದರು. ಶರತ್ತು ಒಂದೇ: ಕತ್ತರಿ ಆಡುತ್ತಿರುವವರೆಗೆ ಹಾಡು, ಕತ್ತರಿ ನಿಂತರೆ ಹಾಡೂ ನಿಲ್ಲಬೇಕು.

ನಮ್ಮ ಹಾಡುಗಳು ಎಷ್ಟು ಉದ್ದವೆಂದು ನಿಮಗೆ ಗೊತ್ತು. ಮೊದಲ ಗಿರಾಕಿ ಒಬ್ಬ ಅಜ್ಜ. ತಲೆಯ ಮೇಲೆ ಇದ್ದದ್ದೇ ನಾಲ್ಕು ಎಳೆ, ನಾನು ಬಾಯಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಕ್ಷೌರದ ಹೆಂಗಸು ಪುಣ್ಯಾತ್ಗಿತ್ತಿ, ಹಾಡು ಮುಗಿಯಲೆಂದು ಗಾಳಿಯಲ್ಲೇ ಕತ್ತರಿ ಆಡಿಸಿದಳು. ಸೇತುವೆಯ ಹಾಡಿಗೆ ಉದ್ದ ಕೂದಲಿನ ತಲೆಯೇ ಬೇಕಾಯಿತು. ಎಲ್ಲರೂ ಯೋಸ್ಟ್ ಕಡೆ ನೋಡಿದರು. ಅವನು ಎರಡೂ ಕೈಯಿಂದ ಜಡೆ ಹಿಡಿದುಕೊಂಡು, 'ಸಾಕು, ಸಾಕು!' ಅಂದ. ಕನ್ನಡ ಸರಿಯಾಗಿ ಬಂತು.

ಆಗ ಹಿಂದಿನಿಂದ ಯಾರೋ, 'ನಂದು ಕತ್ತರಿಸಿ' ಅಂದರು. ನೋಡಿದರೆ ಯತಿರಾಜ್, ಭುಜದವರೆಗೆ ಕೂದಲು ಬೆಳೆಸಿಕೊಂಡು! ತನುಶ್ರೀ ಹೇಳಿ ಹೊರಡಿಸಿದಳಂತೆ. ಒಂದೂವರೆ ವರ್ಷ ಮಾತಿಲ್ಲದವನು ನೆಟ್ಟಗೆ ಬಂದು ಕುರ್ಚಿಯಲ್ಲಿ ಕೂತ. ಬಿಳಿ ಬಟ್ಟೆ ಹೊದಿಸಿ ಕತ್ತರಿ ಇಟ್ಟರು, ಆಕರ್ಷ್ ತಾಳ ಕೊಟ್ಟ, ಹಾಡು ಹೊರಟಿತು. ಎರಡು ಗಿಟಾರಿನ ಜಾಗ ಬಂದಾಗ ನಾನು ಒಬ್ಬಳೇ ನುಡಿಸತೊಡಗಿದೆ. ನಿಮಗೆ ಒಪ್ಪಿಗೆಯಾಗದ ತುಂಡು ಹಾಡಲ್ಲ, ಓಡುವ ಹಾಡೇ. ಬಟ್ಟೆಯ ಕೆಳಗಿಂದ ಅವನು ಬಾಯಲ್ಲೇ ತನ್ನ ಭಾಗ ಹಾಡಿದ. ತಾ ರರ ರಾ! ಬಾಯಿಗೆ ಕೂದಲು ಹೋದಾಗ ಕೆಮ್ಮಿದ, ಬಿಟ್ಟ, ಮತ್ತೆ ಹಿಡಿದ. ಅವನು ಬಿಟ್ಟಲ್ಲಿ ನಾನಿದ್ದೆ. ಅವನು ಮತ್ತೆ ಬಂದಾಗ ಇಬ್ಬರೂ ಕೂಡಿ ಓಡಿದೆವು.

ಹಾಡು ಮುಗಿದ ಮೇಲೆ 'ಚೆನ್ನಾಗಿ ಕಾಣ್ತಿದ್ದೀನಾ?' ಅಂದ. 'ಇಲ್ಲ' ಅಂದೆ. ಮುಂದಿನ ತಿಂಗಳಿಂದ ಅಭ್ಯಾಸಕ್ಕೆ ಬರುತ್ತಾನೆ.

ನಿಮಗೆ ಮಾತು ಬಿಡೋಣ ಅನ್ನಿಸಿದರೆ ಬಿಡಿ. ನಾನು ಬಿಟ್ಟಿಲ್ಲ. ಮೊನ್ನೆಯ ಹಾಡಿನ ವಿಡಿಯೋ ಕಳಿಸಿದ್ದೇನೆ, ಬಾಗಿಲು ತೆರೆದಿಟ್ಟೇ ನೋಡಿ.

ನಿಮ್ಮ ಸ್ವಪ್ನಾ


ರಾಣೆಬೆನ್ನೂರು, ೯ ಮಾರ್ಚ್ ೨೦೨೨

ಮಗಳೇ,

ವಿಡಿಯೋ ನೋಡಿದೆ. ಶಿವಗಂಗವ್ವನೂ ನೋಡಿದಳು. ಗೋವಿಂದರಾಜುವನ್ನು ಕರೆಸಿ ಅವನಿಗೂ ತೋರಿಸಿದೆ. ಆ ಹುಡುಗ ಕತ್ತರಿಯ ಕೆಳಗೆ ಕೂತು ಹಾಡಿದ್ದು, ಕೆಮ್ಮಿ ನಿಂತದ್ದು, ಮತ್ತೆ ಸೇರಿಕೊಂಡದ್ದು, ಅಷ್ಟನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಗೋವಿಂದರಾಜುಗೆ, 'ಇನ್ನ ಮೊದಲಿಂದು ನೀ ಊದು. ಎರಡನೇದು ನಾ ಊದತೀನಿ' ಅಂದೆ.

ಅವನು ಗಾಬರಿಯಾಗಿ, 'ಬ್ಯಾಡ್ರಿ ಮಾಸ್ತರ. ಎರಡನೇದು ಊದಿ ಊದಿ ನನಗ ಮುಂದಿನ ಹಾದಿನ ಗೊತ್ತಿಲ್ಲ' ಅಂದ. 'ನನಗೂ ಹಿಂದಿನ ಹಾದಿ ಗೊತ್ತಿಲ್ಲ. ಇಬ್ಬರೂ ಕೂಡಿ ಹುಡುಕೋಣ' ಅಂದೆ. ಮೊದಲ ವಾರ ಇಬ್ಬರೂ ಊದಿದ್ದು ಕೇಳಿದ್ದರೆ ನಿನ್ನ ಕೆಳಮನೆಯ ಅಜ್ಜಿ ಕಸಬರಿಗೆ ಹಿಡಿದು ವಿಮಾನ ಹತ್ತುತ್ತಿದ್ದಳು. ಗುಟ್ಟು ಹೇಳುತ್ತೇನೆ, ಇಷ್ಟು ವರ್ಷ ಅವನ ಕೆಲಸ ಹಗುರವೆಂದು ತಿಳಿದಿದ್ದೆ. ಪಕ್ಕದವನ ಮೇಲೆ ಕಿವಿಯಿಟ್ಟು ನಡೆಯುವುದು ಎಂಥ ಕಷ್ಟ!

ನಿನ್ನೆ ನಿರ್ಬಂಧವೆಲ್ಲ ಹೋದ ಮೇಲಿನ ಮೊದಲ ದೊಡ್ಡ ಮೆರವಣಿಗೆ. ಕೆಂಪು ಕೋಟು ಹಾಕಿ ಎಲ್ಲರೂ ನಿಂತೆವು. ದಿಬ್ಬಣ ಪೇಟೆಯ ತಿರುವಿಗೆ ಬಂದಾಗ ನಿನ್ನ ಸೇತುವೆಯ ಹಾಡು ಎತ್ತಿದೆವು. ಡೋಲಿನವನು ಸ್ವಲ್ಪ ಅವಸರ ಮಾಡಿದ, ಕ್ಷಮಿಸು. ಹುಡುಗರು ಕುಣಿದರು, ಹೆಂಗಸರು ಕುಣಿದರು, ವರನ ಕುದುರೆಯೂ ಹೆಜ್ಜೆ ಹಾಕಿತು. ವರನ ತಂದೆ, 'ಯಾವ ಪಿಚ್ಚರ್‌ದ ಹಾಡ್ರಿ ಇದು?' ಅಂತ ಕೇಳಿದರು. ನಿನ್ನ ಅವ್ವ ಸೆರಗು ಸರಿಮಾಡಿಕೊಂಡು, 'ನಮ್ಮ ಮಗಳ ಪಿಚ್ಚರ್‌ದು. ಇನ್ನೂ ಬಿಡುಗಡೆ ಆಗಿಲ್ಲ' ಅಂದಳು.

ನಡುವಿನ ಓಟ ಬಂತು. ಗೋವಿಂದರಾಜು ಮೇಲೆ ಹೊರಟ, ನಾನು ಕೆಳಗೆ. ಓಡುವ ಹಾಡೇ, ತುಂಡಿಲ್ಲದ್ದು. ಕೆಲವು ಹೆಜ್ಜೆ ನಡೆಯುವಷ್ಟರಲ್ಲಿ ನನ್ನ ಉಸಿರು ಮುಗಿಯಿತು. ಕ್ಲಾರಿಯೋನೆಟ್ ಬಾಯಿಂದ ತೆಗೆದೆ. ಇನ್ನು ಎಲ್ಲ ನಿಂತುಹೋಗುತ್ತದೆ ಅಂದುಕೊಂಡೆ. ಗೋವಿಂದರಾಜು ನಿಲ್ಲಲಿಲ್ಲ. ಕುಣಿಯುವವರೂ ನಿಲ್ಲಲಿಲ್ಲ. ನಾನು ಸುಮ್ಮನೆ ಅವನ ಪಕ್ಕದಲ್ಲಿ ನಡೆದೆ. ಉಸಿರು ತುಂಬಿಕೊಂಡ ಮೇಲೆ ಮತ್ತೆ ಬಾಯಿಗಿಟ್ಟೆ. ನನ್ನ ಸ್ವರದ ಜಾಗ ಅಲ್ಲಿ ಖಾಲಿಯೇ ಇತ್ತು, ಹೋಗಿ ಸೇರಿಕೊಂಡೆ.

ನಿನ್ನ ಮಾಮಾ